ಹಗೇವಿಗೆ ಬಚ್ಚಲ ನೀರು ಬಿಟ್ಟದ್ದು

ಮಾನ್ವಿಯ ನಮ್ಮ ಮನೆಯ ಹಿತ್ತಲಲ್ಲಿ ನೀರು ನಿಲ್ಲುತ್ತಿತ್ತು. ಎಲ್ಲದಕ್ಕೂ ಕಾರಣ ಇಷ್ಟೇ.

ಮೊದಲು ನಿಲ್ಲುತ್ತಿರಲಿಲ್ಲ. ನಾನು ಚಿಕ್ಕವನಿದ್ದಾಗ ಬಚ್ಚಲ ನೀರು ಹಿತ್ತಲ ಗೋಡೆಯ ಬುಡದಲ್ಲಿದ್ದ ಕಿಂಡಿಯಿಂದ ಹೊರಗೆ ಹರಿದು ಹಿಂದಿನ ಬಯಲಿನಲ್ಲಿ ಒಣಗಿಹೋಗುತ್ತಿತ್ತು. ಕಾಲುವೆ ಬಂದು ಸುತ್ತಲಿನ ಜೋಳದ ಹೊಲಗಳೆಲ್ಲ ಭತ್ತದ ಗದ್ದೆಗಳಾದ ಮೇಲೆ ಊರಿನ ನೆಲವೇ ತೇವ ಹಿಡಿಯಿತು. ಬಾವಿಯ ನೀರು ಮೇಲೆ ಬಂತು. ಹಿಂದಿನ ಬಯಲಿನಲ್ಲಿ ಅಕ್ಕಿ ವ್ಯಾಪಾರಿಯೊಬ್ಬರು ನೆಲ ಎತ್ತರಿಸಿ ಗೋದಾಮು ಕಟ್ಟಿದರು. ಮುಂದಿನ ರಸ್ತೆಗೆ ವರ್ಷವರ್ಷವೂ ಮೊರಂ ಮಣ್ಣು ಸುರಿದು ಸುರಿದು ಅದೂ ಎತ್ತರವಾಯಿತು. ನಡುವೆ ನಮ್ಮ ಮನೆ ಗಂಗಾಳದ ತಳದ ಹಾಗೆ ಉಳಿಯಿತು. ಎಪ್ಪತ್ತರ ದಶಕದ ನಡುವಿಗೆ ಬರುವಷ್ಟರಲ್ಲಿ ಮಳೆ ಇಲ್ಲದ ದಿನಗಳಲ್ಲೂ ಹಿತ್ತಲಲ್ಲಿ ಹಿಮ್ಮಡಿ ಮುಳುಗುವಷ್ಟು ಕೊಚ್ಚೆ ಇರುತ್ತಿತ್ತು. ಮಣ್ಣಿನ ಗೋಡೆಗೆ ಸವಳು ಹತ್ತಿ ಮೊಣಕಾಲೆತ್ತರದವರೆಗೆ ಬಿಳಿ ಪುಡಿ ಉದುರುತ್ತಿತ್ತು. ನನ್ನ ಹೆಂಡತಿ ಮೂರು ಕಲ್ಲು ಇಟ್ಟುಕೊಂಡು, ಕಲ್ಲಿನಿಂದ ಕಲ್ಲಿಗೆ ಕಾಲಿಡುತ್ತ, ಪಾತ್ರೆ ತೊಳೆಯುತ್ತಿದ್ದಳು.

ನಾನು ರಾಯಚೂರಿನಲ್ಲಿ ಬಿ.ಎಸ್ಸಿ. ಮುಗಿಸಿ ಬಂದು ಊರಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಅವ್ವ ಇದನ್ನು ನೆನಪಿಸಲು ಮರೆಯುತ್ತಿರಲಿಲ್ಲ.

"ಊರ ಹುಡುಗರಿಗೆಲ್ಲ ಪಾಠ ಹೇಳ್ತೀದಿ, ಒಂದು ಬಚ್ಚಲ ನೀರು ಹೊರಗ ಹಾಕಾಕ ಆಗವಲ್ದು ನಿನಗ."

"ಮನಿ ಬಾಜೂ ಕಡಿಂದ ಪೈಪ್ ಹಾಕಿ ಮುಂದಿನ ಗಟಾರಕ್ಕ ಬಿಡ್ತೀನಿ ಅಂದ್ರ ನೀ ಬ್ಯಾಡ ಅಂತಿ."

"ಬಾಗಲ ಮುಂದ ಹೊಲಸು ನೀರು ಹರಸ್ತೀಯೇನು? ಲಕ್ಷ್ಮಿ ಬರೂ ದಾರ್ಯಾಗ?"

ಮಾತು ಪ್ರತಿಸಲ ಇಲ್ಲಿಗೆ ನಿಲ್ಲುತ್ತಿತ್ತು. ನಾನೂ ಹಟ ಮಾಡಲಿಲ್ಲ. ಪೈಪು ಹಾಕಬೇಕೆಂದರೆ ಬಚ್ಚಲ ನೆಲವನ್ನು ಎತ್ತರಿಸಬೇಕು, ಬದಿಯ ಓಣಿಯ ಹಾಸುಗಲ್ಲು ಕೀಳಬೇಕು. ಅಷ್ಟು ಕೆಲಸಕ್ಕೆ ನನಗೆ ಬೇಸರ. ಅದಕ್ಕಿಂತ ಸುಲಭದ ದಾರಿಯೊಂದು ನನ್ನ ತಲೆಗೆ ಬಂತು.

ನಮ್ಮ ಹಿತ್ತಲ ಮೂಲೆಯಲ್ಲಿ ಒಂದು ಹಗೇವು ಇತ್ತು. ಈಗಿನವರಿಗೆ ಹೇಳಬೇಕು: ಹಗೇವು ಎಂದರೆ ಜೋಳ ತುಂಬಿಡುವ ನೆಲದೊಳಗಿನ ಗುಳಿ. ಆಕಾರದಲ್ಲಿ ದೊಡ್ಡ ಗಡಿಗೆ, ಬಾಯಿ ಒಬ್ಬರು ಇಳಿಯುವಷ್ಟು ಇಕ್ಕಟ್ಟು, ಒಳಗೆ ಹೋದಂತೆ ಅಗಲ. ನಮ್ಮದು ಸುಮಾರು ಹದಿನೈದು ಅಡಿ ಆಳ. ಸುತ್ತ ಗೋಡೆಗೆ ಹುಲ್ಲು ಕಟ್ಟಿ, ತಳಕ್ಕೆ ಹೊಟ್ಟು ಹಾಸಿ, ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ನಾಲ್ಕೈದು ವರ್ಷ ಕಾಳು ಕೆಡುತ್ತಿರಲಿಲ್ಲ. ಕಾಲುವೆಯ ತೇವ ಅದರೊಳಕ್ಕೂ ಬಂತು. ಅಪ್ಪ ಕೊನೆಯ ಸಲ ತೆಗೆಸಿದಾಗ ಜೋಳ ಕಪ್ಪಾಗಿ ಗಟ್ಟಿ ಉಂಡೆಯಾಗಿತ್ತು. ಆಮೇಲೆ ಅದನ್ನು ಮುಚ್ಚಿಬಿಟ್ಟರು. ಮಾನ್ವಿಯ ಹಳೆಯ ಮನೆಗಳಲ್ಲಿ ಹೀಗೆ ಮುಚ್ಚಿದ ಹಗೇವುಗಳು ಬೇಕಾದಷ್ಟಿದ್ದವು.

ಖಾಲಿ ಬಿದ್ದ ಗುಳಿ, ಹೊರಗೆ ಹೋಗದ ನೀರು. ಒಂದಕ್ಕೊಂದು ಸೇರಿಸಿದರೆ ಇಂಗುಗುಂಡಿಯಾಯಿತು ಎಂದು ಲೆಕ್ಕ ಹಾಕಿದೆ. ಕರಿಮಣ್ಣಿನಲ್ಲಿ ನೀರು ಬೇಗ ಇಂಗುವುದಿಲ್ಲ, ಅದೂ ನೆಲವೇ ನೀರು ಕುಡಿದು ಕೂತಿರುವಾಗ ಇಂಗುವ ಮಾತೇ ಇಲ್ಲ ಎಂದು ಯೋಚಿಸಬೇಕಿತ್ತು. ಯೋಚಿಸಲಿಲ್ಲ. ಅವ್ವ ಮಾತ್ರ ಎರಡು ದಿನ ಮುಖ ಗಂಟು ಹಾಕಿಕೊಂಡಿದ್ದಳು. "ಕಾಳು ಇಟ್ಟ ಜಾಗ ಅದು" ಎಂದಳು. ಕೊನೆಗೆ ಬಾಗಿಲ ಮುಂದೆ ಹರಿಯುವುದಕ್ಕಿಂತ ಇದು ವಾಸಿ ಅನ್ನಿಸಿರಬೇಕು, ಕಲ್ಲಿಗೆ ಅರಿಶಿನ ಕುಂಕುಮ ಹಚ್ಚಿ, ತಪ್ಪಾಯಿತು ಎಂದು ಕೈಮುಗಿದು, ಒಪ್ಪಿಕೊಂಡಳು. ಒಂದು ಭಾನುವಾರ ಬಚ್ಚಲಿನಿಂದ ಹಗೇವಿನ ಬಾಯಿಯವರೆಗೆ ನಾನೇ ಕಾಲುವೆ ತೋಡಿ, ಹಂಚಿನ ಚೂರು ಹಾಸಿದೆ. ಸಂಜೆಯ ಹೊತ್ತಿಗೆ ಹಿತ್ತಲ ನೀರು ಇಳಿಯಿತು. ಹೆಂಡತಿ ಮೂರು ಕಲ್ಲುಗಳನ್ನು ಎತ್ತಿ ಗೋಡೆಗೆ ಒರಗಿಸಿದಳು. ನಮ್ಮ ಓಣಿಯ ಇನ್ನೆರಡು ಮನೆಯವರು ಬಂದು ನೋಡಿಕೊಂಡು ಹೋಗಿ ತಮ್ಮ ಹಗೇವುಗಳಿಗೂ ನೀರು ಬಿಟ್ಟರು. "ಓದಿದ ತಲಿ ಓದಿದ್ದೇ" ಎಂದರು. ಆ ಮಾತು ನನಗೆ ಹಿತವಾಗಿತ್ತು.

ಎರಡು ವರ್ಷ ನಡೆಯಿತು. ಮೂರನೆಯ ವರ್ಷ ಕಲ್ಲಿನ ಸಂದಿಯಿಂದ ಕಪ್ಪು ನೀರು ಹಿಂದಕ್ಕೆ ಬರತೊಡಗಿತು. ಹಿತ್ತಲು ಮೊದಲಿಗಿಂತ ಕೆಟ್ಟಿತು, ನಾತ ಬೇರೆ. ಒಳಗೆ ಹೂಳು ತುಂಬಿದೆ, ಬೇಸಿಗೆಯಲ್ಲಿ ತೆಗೆಸಿದರೆ ಮತ್ತೆ ಸರಿಹೋಗುತ್ತದೆ ಎಂದುಕೊಂಡೆ. ಊರಲ್ಲಿ ಗಟಾರ ಬಳಿಯುವವರನ್ನು ಕರೆಯೋಣವೆಂದರೆ ಅವ್ವ ಹಗೇವಿಗೆ ಅವರನ್ನು ಇಳಿಸಲು ಒಪ್ಪಲಿಲ್ಲ. ಅವಳ ಕಾರಣ ನನಗೆ ಆಗಲೂ ನಾಚಿಕೆ ತರುವಂಥದು, ಆದರೂ ಸುಮ್ಮನಾದೆ. ಅವರು ಇಳಿದಿದ್ದರೆ ಏನಾಗುತ್ತಿತ್ತು, ಅವರಿಗಾಗಿ ಮೇಲೆ ಯಾರು ನಿಂತಿರುತ್ತಿದ್ದರು ಎಂದು ಆಮೇಲೆ ಬಹಳ ಸಲ ಯೋಚಿಸಿದ್ದೇನೆ.

ಅಷ್ಟರಲ್ಲಿ ಮಾಮ ಬಂದ. ಅವ್ವನ ಒಬ್ಬನೇ ತಮ್ಮ. ದೇವದುರ್ಗದ ಹತ್ತಿರದ ಹಳ್ಳಿಯವನು. ಬೇಸಿಗೆಯಲ್ಲಿ ಒಂದು ಸಲ ಸಿರವಾರದ ಮೇಲೆ ಹಾಯ್ದು ಬರುವ ಬಸ್ಸು ಹಿಡಿದು, ಅಕ್ಕನಿಗೆಂದು ಒಂದು ಚೀಲ ಜೋಳ ಹೊತ್ತು ಬರುತ್ತಿದ್ದ. ಅವರ ಕಡೆ ಆಗಿನ್ನೂ ಕಾಲುವೆ ಇರಲಿಲ್ಲ, ನೆಲ ಒಣಗಿತ್ತು, ಹಗೇವುಗಳು ಜೀವಂತವಾಗಿದ್ದವು. ಹದಿನಾರು ವರ್ಷದವನಿದ್ದಾಗಿನಿಂದ ಮಾಮ ಹಗೇವಿಗೆ ಇಳಿಯುವ ಆಳು. ಸುತ್ತಲ ಹಳ್ಳಿಗಳಲ್ಲಿ ಯಾರು ಹಗೇವು ತೆಗೆದರೂ ಅವನನ್ನೇ ಕರೆಸುತ್ತಿದ್ದರು. ಆಗ ಅವನಿಗೆ ಐವತ್ತರ ಹತ್ತಿರ.

ಹಿತ್ತಲಿಗೆ ಬಂದು ನೋಡಿ, ಸೊಂಟದ ಮೇಲೆ ಕೈಯಿಟ್ಟುಕೊಂಡು ನಕ್ಕ.

"ಏನಲೇ ಮಾಸ್ತರಾ, ಜ್ವಾಳ ಇಡೂ ಜಾಗದಾಗ ಸಬಕಾರದ ನೀರು ಇಟ್ಟೀಯಲ್ಲ. ಬೀಜಕ್ಕಂತ ಇಟ್ಟೀಯೇನು?"

"ಹೂಳು ತುಂಬ್ಯಾದ ಮಾಮಾ. ತಗಸಬೇಕು. ಯಾರೂ ಸಿಗವಲ್ರು."

"ನಾ ಏನು ಸತ್ತೀನೇನು? ನಾಳಿ ನಾಡದ್ದು ನೀರು ಎತ್ತಿ ಹಾಕ್ರಿ. ಆಮ್ಯಾಲ ನಾ ಇಳೀತೀನಿ."

ಅವ್ವ ಅಡುಗೆ ಮನೆಯಿಂದಲೇ ಅಂದಳು. "ಬ್ಯಾಡ ತಮ್ಮಾ. ವಯಸ್ಸಾಗ್ಯಾದ ನಿನಗ."

"ವಯಸ್ಸು ನಿನಗಾಗ್ಯಾದ ಯಕ್ಕಾ. ನನಗ ಇನ್ನೊಂದು ಹೆಣ್ಣು ನೋಡಾಕತ್ತಾರ."

ಎರಡು ದಿನ ನಾನು, ಹೆಂಡತಿ, ಮಾಮ ಕೊಡಗಟ್ಟಲೆ ಕಪ್ಪು ನೀರು ಎತ್ತಿ ಗೋದಾಮಿನ ಆಚೆ ಚೆಲ್ಲಿದೆವು. ತಳದಲ್ಲಿ ಮೊಣಕಾಲುದ್ದ ಕೆಸರು ಉಳಿಯಿತು.

ಹಗೇವಿಗೆ ಇಳಿಯುವವರ ಕ್ರಮಗಳನ್ನು ಮಾಮ ಒಂದೂ ಬಿಡಲಿಲ್ಲ. ಕಲ್ಲು ತೆಗೆದು ಒಂದಿಡೀ ಹಗಲು, ಒಂದಿಡೀ ರಾತ್ರಿ ಬಾಯಿ ತೆರೆದಿಡಬೇಕು. ತೆರೆದಿಟ್ಟ. ಕಂದೀಲು ಇಳಿಬಿಟ್ಟು ನೋಡಬೇಕು, ಆರಿದರೆ ಆ ದಿನ ಯಾರೂ ಇಳಿಯುವಂತಿಲ್ಲ. ಕಂದೀಲು ಇಳಿಬಿಟ್ಟ. ಒಳಗೆ ಹೋದವನು ಬಾಯಿ ಮುಚ್ಚದೆ ಮಾತಾಡುತ್ತಲೇ ಇರಬೇಕು, ದನಿ ನಿಂತಿತೋ, ಮೇಲಿನವರು ಎಳೆದುಬಿಡಬೇಕು. ಅದಕ್ಕಾಗಿ ಸೊಂಟಕ್ಕೆ ಹಗ್ಗ. ಅದನ್ನೂ ಕಟ್ಟಿಕೊಂಡ.

ಕಂದೀಲು ತಳದವರೆಗೆ ಹೋಗಿ ಅಲ್ಲಾಡದೆ ಉರಿಯಿತು. ನಾನು ಹೆಂಡತಿಗೆ ಪಾಠ ಹೇಳಿದೆ. ಮುಚ್ಚಿದ ಜಾಗದಲ್ಲಿ ಕಾಳು ಉಸಿರಾಡುತ್ತದೆ, ಕೆಟ್ಟ ಗಾಳಿ ಭಾರವಾಗಿ ತಳದಲ್ಲಿ ಕೂರುತ್ತದೆ, ಅದರಲ್ಲಿ ದೀಪ ಉರಿಯುವುದಿಲ್ಲ, ಹಿರಿಯರು ಓದದೆಯೇ ಇದನ್ನು ಕಂಡುಕೊಂಡಿದ್ದರು ನೋಡು ಎಂದೆ. ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಆದರೆ ಆ ಪರೀಕ್ಷೆ ಜೋಳದ ಹಗೇವಿನದು. ಇದರೊಳಗೆ ಎರಡು ವರ್ಷ ಹುಲ್ಲು, ಹೊಟ್ಟು, ಅನ್ನದ ಗಂಜಿ, ಸಬಕಾರ ಎಲ್ಲ ಕೊಳೆತಿತ್ತು. ಅದರ ವಿಷ ಕೆಸರೊಳಗೆ ಹುದುಗಿ ಕೂತಿತ್ತು. ಯಾರಾದರೂ ಕಲಕಿದರೆ ಮಾತ್ರ ಅದು ಮೇಲೆ ಏಳುತ್ತದೆ. ಕಂದೀಲು ಕೆಸರನ್ನು ಕಲಕುವುದಿಲ್ಲ. ಮಾಮನಿಗೆ ಹಗೇವು ಗೊತ್ತಿತ್ತು, ನನಗೆ ರಸಾಯನಶಾಸ್ತ್ರ ಗೊತ್ತಿತ್ತು, ಇಬ್ಬರೂ ಆ ಉರಿಯುವ ದೀಪವನ್ನು ನೋಡಿ ನೆಮ್ಮದಿಯಾದೆವು.

ಬೆಳಗಿನ ಎಂಟು ಗಂಟೆ ಇರಬಹುದು. ಮಾಮ ಧೋತರ ಎತ್ತಿ ಬಿಗಿಯಾಗಿ ಕಚ್ಚೆ ಹಾಕಿಕೊಂಡು, ಗೋಡೆಯ ಮೆಟ್ಟುಗುಣಿಗಳಲ್ಲಿ ಕಾಲಿಡುತ್ತ ಇಳಿದ. ಬುಟ್ಟಿಗೆ ಹಳೆಯ ತೆಂಗಿನ ನಾರಿನ ಹಗ್ಗ ಕಟ್ಟಿದ್ದೆವು. ಎರಡನೆಯ ಬುಟ್ಟಿಗೇ ಅದು ಕಿತ್ತು ಬಂತು.

"ಮಾಮಾ, ತಡೀರಿ, ಬ್ಯಾರೆ ಹಗ್ಗ ತರ್ತೀನಿ."

"ಎಲ್ಲಿಂದ ತರ್ತಿ, ಸಂತಿಗೆ ಹೋಗ್ತಿಯೇನು? ಇದನ್ನ ಬಿಚ್ಚಿ ಕೊಡ್ತೀನಿ ತಗೋ. ನನ್ನ ಹಿಡಕೊಂಡು ನಿಂತ್ರ ಹೂಳು ಯಾವಾಗ ತಗೀತಿ?"

ಸೊಂಟದ ಹಗ್ಗ ಬಿಚ್ಚಿ ಅವನೇ ಬುಟ್ಟಿಗೆ ಕಟ್ಟಿದ. ನಾನು ಎಳೆದೆ. ಬೇಡ ಎನ್ನಲಿಲ್ಲ.

ಬುಟ್ಟಿಯ ಮೇಲೆ ಬುಟ್ಟಿ ಬಂತು. ನಾನು ಎಳೆಯುವುದು, ಹೆಂಡತಿ ಹಿಡಿದು ಗೋಡೆಯ ಕಡೆ ಸುರಿಯುವುದು. ಅವ್ವ ಸ್ವಲ್ಪ ದೂರದಲ್ಲಿ ಕೂತು ಬೇಳೆ ಹಸನು ಮಾಡುತ್ತಿದ್ದಳು. ಮಾಮ ಕ್ರಮದಂತೆ ಕೆಳಗಿನಿಂದ ಮಾತಾಡುತ್ತಲೇ ಇದ್ದ. ಗಡಿಗೆಯೊಳಗೆ ಬಾಯಿಟ್ಟು ಮಾತಾಡಿದ ಹಾಗೆ ದನಿ ದಪ್ಪಗೆ ಮೇಲೆ ಬರುತ್ತಿತ್ತು.

"ನಮ್ಮೂರಾಗ ಒಬ್ಬ ಮದುಮಗ ಲಗ್ನ ಒಲ್ಲೆ ಅಂತ ಖಾಲಿ ಹಗೇವಿನ್ಯಾಗ ಅಡಗಿದ್ದ ನೋಡು. ಎಲ್ಲಾ ಕಡೆ ಹುಡುಕಿದ್ರು. ಹೆಣ್ಣಿನ ಕಡಿಯವರು ಬಂದು ಕುಂತಾರ, ಊಟ ತಯಾರ್ ಆಗ್ಯಾದ."

"ಹೂಂ, ಆಮ್ಯಾಲ?"

"ಆಮ್ಯಾಲೇನು, ಇವಗ ಒಳಗ ಹಸಿವ್ಯಾಗ್ಯಾದ. ತಡಿ, ಬುಟ್ಟಿ ತುಂಬ್ಯಾದ, ಎಳಿ. ಏ ಅಳಿಯಾ, ಈ ನಾತ ನೋಡು, ಕೆಟ್ಟ ತತ್ತಿ ಒಡದಂಗ ಬಡ್ಯಾಕತ್ತಾದ."

"ಮ್ಯಾಲ ಬರ್ರಿ ಮಾಮಾ, ಸ್ವಲ್ಪ ಗಾಳಿ ತಗೋರಿ."

"ಇನ್ನೊಂದು ನಾಕು ಬುಟ್ಟಿ ಆಗಲಿ."

ಮುಂದಿನದನ್ನು ನಾನು ಮನಸ್ಸಿನಲ್ಲಿ ಎಷ್ಟು ಸಲ ನಡೆಸಿದ್ದೇನೋ ಲೆಕ್ಕವಿಲ್ಲ. ಪಾಠ ಮಾಡುವಾಗ, ಬಸ್ಸಿನಲ್ಲಿ ಕೂತಾಗ, ಸ್ನಾನದ ನೀರು ಮೋರಿಯಲ್ಲಿ ಗುಳುಗುಳು ಎಂದಾಗ ಅದು ಮತ್ತೆ ಶುರುವಾಗುತ್ತದೆ. ಪ್ರತಿ ಸಲ ನನ್ನ ಮಾತನ್ನು ಬದಲಿಸಿ ನೋಡುತ್ತೇನೆ. ಸುಸ್ತಾಗುತ್ತದೆ.

ಎರಡು ಬುಟ್ಟಿಗಳಾದ ಮೇಲೆ ಮಾಮ ಅಂದ. "ನಾತ ಹೋತು ನೋಡು ಅಳಿಯಾ. ಏನೂ ಬರವಲ್ದು ಈಗ."

ಆಗಷ್ಟೇ ಮೇಲೆ ಬಂದ ಬುಟ್ಟಿ ನನ್ನ ಮೊಣಕಾಲಿನ ಪಕ್ಕದಲ್ಲಿತ್ತು. ಅದರ ನಾತಕ್ಕೆ ನನ್ನ ಕಣ್ಣು ಉರಿಯುತ್ತಿತ್ತು. ಹೆಂಡತಿ ಸೆರಗು ಮೂಗಿಗೆ ಒತ್ತಿಕೊಂಡಿದ್ದಳು. ಮೇಲೆ ನಮಗೆ ಅಷ್ಟು ಬಡಿಯುತ್ತಿದ್ದ ನಾತ ಕೆಳಗೆ ಅವನಿಗೆ ಇಲ್ಲ. ನಾನು ಅದನ್ನು ಕೇಳಿಸಿಕೊಂಡೆ, ಮತ್ತು ಹೇಳಿದೆ: "ಗಾಳಿ ಆಡಾಕತ್ತಾದ ಅಂತ ಕಾಣ್ತದ. ಚಲೋ ಆತು. ಹಂಗಾರ ಮುಗಿಸಿಬಿಡ್ರಿ."

ಮುಗಿಸಿಬಿಡ್ರಿ ಅಂದೆ.

ಇನ್ನೊಂದು ಬುಟ್ಟಿ ಎಳೆಯತೊಡಗಿದೆ. "ಮದುಮಗ ಏನು ಮಾಡಿದ ಮಾಮಾ?" ಎಂದು ಕೇಳಿದೆ. ಉತ್ತರ ಬರಲಿಲ್ಲ. ಬುಟ್ಟಿ ಅರ್ಧ ದಾರಿಯಲ್ಲಿತ್ತು. ಮತ್ತೆ ಕರೆದೆ. ಬಗ್ಗಿ ನೋಡಿದರೆ ಮಾಮ ಗೋಡೆಗೆ ಒರಗಿ ಕೂತಿದ್ದ, ಗದ್ದ ಎದೆಗೆ ಹತ್ತಿತ್ತು, ಒಂದು ಕೈ ಕೆಸರಿನೊಳಗಿತ್ತು. ದನಿ ನಿಂತರೆ ಎಳೆಯಬೇಕು. ಹಗ್ಗ ನನ್ನ ಕೈಯಲ್ಲೇ ಇತ್ತು, ಅದರ ತುದಿಯಲ್ಲಿ ಒಂದು ಬುಟ್ಟಿ ಹೂಳು ಇತ್ತು.

ಬುಟ್ಟಿಯನ್ನು ಮೇಲೆಳೆದು ಬದಿಗೆ ಎಸೆದು ಮೆಟ್ಟುಗುಣಿಯಲ್ಲಿ ಕಾಲಿಡಲು ಹೋದೆ. ಹಿಂದಿನಿಂದ ಅವ್ವ ಬಂದು ನನ್ನ ಎರಡೂ ಕಾಲುಗಳನ್ನು ತಬ್ಬಿ ನೆಲಕ್ಕೆ ಕೂತುಬಿಟ್ಟಳು. ಬೇಳೆಯ ಮೊರ ಮಗುಚಿ ಬಿದ್ದಿತ್ತು.

"ನೀ ಇಳಿಬ್ಯಾಡ."

"ಬಿಡವ್ವಾ, ಮಾಮ ಸಾಯ್ತಾನ."

"ನೀ ಇಳಿಬ್ಯಾಡ."

ಅವಳು ಅಳುತ್ತಿರಲಿಲ್ಲ. ಕೂಗುತ್ತಲೂ ಇರಲಿಲ್ಲ. ನಾನು ಅವಳ ಕೈ ಬಿಡಿಸಲು ನೋಡಿದೆ, ಆಗಲಿಲ್ಲ. ಒದ್ದೆ. ಹೌದು, ಅವ್ವನನ್ನು ಒದ್ದೆ, ಭುಜಕ್ಕೆ ಬಿತ್ತು. ಅವಳು ಇನ್ನೂ ಬಿಗಿಯಾಗಿ ಹಿಡಿದಳು, ಮುಖವನ್ನು ನನ್ನ ಮೊಣಕಾಲಿಗೆ ಒತ್ತಿಕೊಂಡಳು. ಹಗೇವಿನ ಕಡೆ ಒಂದು ಸಲವೂ ನೋಡಲಿಲ್ಲ. ಕೆಳಗಿದ್ದವನು ಅವಳು ಎತ್ತಿ ಆಡಿಸಿದ ತಮ್ಮ.

ಹೆಂಡತಿ ಓಡಿದಳು. ಓಡುವಾಗ ಬಚ್ಚಲ ಕಟ್ಟೆಯ ಮೇಲಿದ್ದ ತಾಮ್ರದ ಚೊಂಬನ್ನು ಎತ್ತಿಕೊಂಡು ಹೋದದ್ದನ್ನು ಕಂಡೆ. ಇವಳಿಗೆ ಬುದ್ಧಿ ಕೆಟ್ಟಿತೇ ಅನ್ನಿಸಿತು. ಅವಳು ಹೋದದ್ದು ಪಕ್ಕದ ಮನೆಯ ಮುಸ್ಲಿಂ ಹೆಂಗಸಿನ ಹತ್ತಿರ; ಓಣಿಯವರೆಲ್ಲ ಅವರನ್ನು ಖಾಲಾ, ಅಂದರೆ ಚಿಕ್ಕಮ್ಮ, ಎಂದೇ ಕರೆಯುತ್ತಿದ್ದರು. ಬಾವಿಗೆ ಬಿದ್ದ ಕೊಡ ತೆಗೆಯುವ ಪಾತಾಳಗರಡಿ ಇಡೀ ಓಣಿಗೆ ಅವರ ಮನೆಯಲ್ಲಿ ಒಂದೇ ಇತ್ತು. ಕಬ್ಬಿಣದ ಬಳೆಗೆ ಕೊಕ್ಕೆಗಳ ಗೊಂಚಲು ತೂಗಾಡುವ ಸಾಮಾನು. ಅದನ್ನು ಒಯ್ಯುವವರು ಒಂದು ಪಾತ್ರೆಯನ್ನು ಒತ್ತೆ ಇಟ್ಟು ಒಯ್ಯುವುದು ನಮ್ಮಲ್ಲಿ ಪದ್ಧತಿ. ಆ ಹೊತ್ತಿನಲ್ಲೂ ಅವಳ ಕೈ ಆ ಪದ್ಧತಿಯನ್ನು ಮರೆಯಲಿಲ್ಲ.

ಖಾಲಾ ಅದನ್ನು ಕೊಟ್ಟು ಸುಮ್ಮನಾಗಲಿಲ್ಲ, ತಾವೇ ಹಿಡಿದುಕೊಂಡು ಬಂದರು. ಅರವತ್ತು ದಾಟಿದ ತೆಳ್ಳಗಿನ ಹೆಂಗಸು. ಒದ್ದೆ ಸೆರಗನ್ನು ಮುಖಕ್ಕೆ ಸುತ್ತಿಕೊಂಡು ಹಗೇವಿನ ಬಾಯಿಯ ಪಕ್ಕ ಬೋರಲು ಮಲಗಿದರು.

"ಚುಪ್ ನಿಂದ್ರಿ ಎಲ್ಲಾರೂ. ಮಾಸ್ತರ, ನೆಳ್ಳು ಹಾಕಬ್ಯಾಡ್ರಿ, ಬಾಜೂಕ ಸರೀರಿ. ನನಗ ಕಾಣಬೇಕು."

ಕೊಡ ಹುಡುಕುವಾಗ ಮಾಡುವ ಹಾಗೆಯೇ ಹಗ್ಗವನ್ನು ಬೆರಳ ತುದಿಯಲ್ಲಿ ತಿರುವುತ್ತ ಇಳಿಸಿದರು. ಮೊದಲ ಸಲ ಕೊಕ್ಕೆ ಬನಿಯನ್ನಿಗೆ ಸಿಕ್ಕಿತು, ಎಳೆದೊಡನೆ ಪರ್ ಎಂದು ಹರಿಯಿತು. ಮಾಮ ಬದಿಗೆ ವಾಲಿದ. "ಹಳೇ ಬನಿಯನ್" ಎಂದು ತಮ್ಮಷ್ಟಕ್ಕೆ ಅಂದುಕೊಂಡು ಮತ್ತೆ ಇಳಿಸಿದರು. ಎರಡನೆಯ ಸಲ ಸೊಂಟದ ಹಿಂದೆ, ಕಚ್ಚೆಯ ದಪ್ಪ ತಿರುವಿಗೆ ಹಾಕಿ, ಎಡಕ್ಕೂ ಬಲಕ್ಕೂ ಅಲ್ಲಾಡಿಸಿ ನೋಡಿ, "ಹಿಡೀತು. ಸಾವಕಾಶ ಎಳೀರಿ" ಎಂದು ಹಗ್ಗವನ್ನು ನನ್ನ ಕಡೆ ಚಾಚಿದರು.

ಹಗ್ಗ ನನ್ನ ಕೈಗೆ ಬಂದ ಮೇಲೆಯೇ ಅವ್ವ ನನ್ನ ಕಾಲು ಬಿಟ್ಟಳು. ಎದ್ದು ನನ್ನ ಹಿಂದೆ ನಿಂತು ಅವಳೂ ಎಳೆದಳು. ಮಾಮ ಜೋಳದ ಚೀಲದ ಹಾಗೆ ನಡುವಿನಲ್ಲಿ ಮಡಚಿಕೊಂಡು ಮೇಲೆ ಬಂದ. ಬಾಯಿಯ ಕಲ್ಲಿಗೆ ತಲೆ ತಾಕಿ ನಿಂತಾಗ ಹೆಂಡತಿ ಕೂದಲು ಹಿಡಿದು ತಿರುಗಿಸಿ ಹೊರಗೆಳೆದಳು. ಒಂದು ಕೊಕ್ಕೆ ತೊಡೆಗೆ ಇಳಿದು ರಕ್ತ ಸುರಿಯುತ್ತಿತ್ತು. ಮುಖ ಸೀಸದ ಬಣ್ಣ. ಬಾಯಲ್ಲಿ ನೊರೆ. ಸತ್ತಿದ್ದಾನೆ ಎಂದೇ ತಿಳಿದೆ. ಖಾಲಾ ಎದೆಗೆ ಕಿವಿಯಿಟ್ಟು ಕೇಳಿ, "ಜೀವ ಅದ" ಎಂದರು. ಅಷ್ಟೇ ಅಂದರು. ಎಲ್ಲ ಸೇರಿ ನಾಲ್ಕು ನಿಮಿಷವೋ ಹತ್ತು ನಿಮಿಷವೋ, ನನಗೆ ತಿಳಿಯದು.

ಮಾನ್ವಿಯ ಆಸ್ಪತ್ರೆಯಲ್ಲಿ ಸೂಜಿ ಹಾಕಿ, ರಾಯಚೂರಿಗೆ ಒಯ್ಯಿರಿ ಎಂದರು. ಅಕ್ಕಿ ತುಂಬಿಕೊಂಡು ಹೊರಟ ಲಾರಿಯೊಂದು ಸಿಕ್ಕಿತು. ಚೀಲಗಳ ಮೇಲೆ ಕೌದಿ ಹಾಸಿ ಮಲಗಿಸಿದೆವು. ದಾರಿಯುದ್ದಕ್ಕೂ ಅವ್ವ ಅವನ ಮೂಗಿನ ಹತ್ತಿರ ಬೆರಳು ಹಿಡಿದು ಕೂತಿದ್ದಳು. ಅವನ ಕೂದಲಿನಿಂದ ಹಗೇವಿನ ನಾತ ಬರುತ್ತಲೇ ಇತ್ತು.

ರಾಯಚೂರಿನಲ್ಲಿ ಹನ್ನೊಂದು ದಿನ ಇದ್ದೆವು. ಮೂರನೆಯ ದಿನ ಕಣ್ಣು ಬಿಟ್ಟ. ಅದರ ಮರುದಿನ ಔಷಧಿ ತರಲು ಹೋದವನು ಬಿಸಿಲಿನಲ್ಲಿ ಸುಮ್ಮನೆ ನಡೆದು ನನ್ನ ಹಳೆಯ ಕಾಲೇಜಿನ ಮುಂದೆ ಬಂದಿದ್ದೆ. ರಜೆ, ಗೇಟು ಮುಚ್ಚಿತ್ತು. ಪ್ರಯೋಗಶಾಲೆಯ ಕಿಟಕಿಗಳು ಕಾಣುತ್ತಿದ್ದವು. ಹೈಡ್ರೋಜನ್ ಸಲ್ಫೈಡ್ ತಯಾರಿಸುವ ದಿನ ನಾವೆಲ್ಲ ಮೂಗು ಮುಚ್ಚಿಕೊಂಡು ನಗುತ್ತಿದ್ದೆವು. ಕೊಳೆತ ಮೊಟ್ಟೆಯ ವಾಸನೆ. ಆಗ ನಮ್ಮ ಲೆಕ್ಚರರು ಹೇಳಿದ್ದರು, ವಾಸನೆ ಬರುತ್ತಿರುವಾಗ ಹೆದರಬೇಡಿ, ವಾಸನೆ ಹೋಯಿತು ಅನ್ನಿಸಿದಾಗ ಹೆದರಿ, ಹೋದದ್ದು ಅನಿಲವಲ್ಲ, ನಿಮ್ಮ ಮೂಗು, ಆಗ ಹೊರಗೆ ಓಡಿ ಎಂದು. ಅವರು ಹೇಳಿದ್ದು, ನಿಂತಿದ್ದ ಜಾಗ, ಅಂಗಿಯ ಮೇಲಿನ ಆಮ್ಲದ ಕಲೆ, ಎಲ್ಲ ನೆನಪಾಯಿತು. ಗೇಟಿನ ಕಂಬ ಹಿಡಿದು ಬಹಳ ಹೊತ್ತು ನಿಂತೆ. ಆ ಮಾತು ನನಗೆ ನೆನಪಾದದ್ದು ಆ ದಿನವೇ ಹೌದೇ, ಅಥವಾ ಹಗೇವಿನ ಬಾಯಲ್ಲೇ ಎಲ್ಲೋ ಒಳಗೆ ಮಿಸುಕಿದ್ದನ್ನು ಕೆಲಸ ಮುಗಿಯಲಿ ಎಂದು ತಳ್ಳಿಬಿಟ್ಟೆನೇ? ಎಷ್ಟು ಸಲ ಕೇಳಿಕೊಂಡರೂ ಖಚಿತವಾಗುವುದಿಲ್ಲ.

ಮಾಮ ಬದುಕಿದ. ಕೆಮ್ಮು ಉಳಿಯಿತು. ಮೂಗಿಗೆ ವಾಸನೆ ತಿಳಿಯುವುದು ಮರಳಲಿಲ್ಲ. ಆ ಬೆಳಗಿನದು ಅವನಿಗೆ ಒಂದೂ ನೆನಪಿರಲಿಲ್ಲ, ಕಂದೀಲು ಇಳಿಬಿಟ್ಟದ್ದರವರೆಗೆ ಮಾತ್ರ. ಮದುಮಗನ ಕತೆ ಏನಾಯಿತು ಎಂದು ಒಮ್ಮೆ ಕೇಳಿದರೆ, "ಯಾವ ಮದುಮಗನೋ? ನಮ್ಮೂರಾಗ ಅಂಥವ ಯಾರೂ ಇಲ್ಲ" ಎಂದ.

ಊರಿಗೆ ಮರಳಿದ ದಿನವೇ ಓಣಿಯ ಆ ಎರಡು ಮನೆಗಳಿಗೂ ಹೋಗಿ, ಹಗೇವಿಗೆ ಯಾರನ್ನೂ ಇಳಿಸಬೇಡಿ, ಮುಚ್ಚಿಬಿಡಿ ಎಂದು ಹೇಳಿಬಂದೆ. ನಮ್ಮದನ್ನು ಎಂಟು ಬಂಡಿ ಮೊರಂ ತರಿಸಿ ತುಂಬಿಸಿದೆ. ಬಾಗಿಲ ಮುಂದಿನ ಮಾತನ್ನು ನಾನು ಎತ್ತಲಿಲ್ಲ. ಅವ್ವನೇ ಒಂದು ಬೆಳಿಗ್ಗೆ, "ಆ ಪೈಪು ಹಾಕಿಸು. ಎಲ್ಲಿಂದರೆ ಹರದು ಹೋಗಲಿ" ಎಂದಳು. ಗೌಂಡಿಯೊಬ್ಬ ಬಂದು ಪಾರದರ್ಶಕ ನಳಿಕೆಯಲ್ಲಿ ನೀರು ತುಂಬಿ ಮಟ್ಟ ನೋಡಿದ. ಬಚ್ಚಲ ನೆಲವನ್ನು ಒಂದು ಮೊಳ ಎತ್ತರಿಸಿ, ಬದಿಯ ಓಣಿಯ ಹಾಸುಗಲ್ಲು ಕಿತ್ತು ಸಿಮೆಂಟಿನ ಪೈಪು ಹೂಳಿ, ಮುಂದಿನ ಗಟಾರಕ್ಕೆ ಸೇರಿಸಿದ. ಮೂರು ದಿನದ ಕೆಲಸ. ಬರೀ ಮೂರು ದಿನದ್ದು. ಕೆಲಸ ಮುಗಿದ ಸಂಜೆ ಒಂದು ಕೊಡ ನೀರು ಸುರಿದು, ಅದು ಮುಂದೆ ಹೋಗಿ ಬೀಳುವ ಸದ್ದು ಕೇಳಿ, ನಾನು ಒಳಗೆ ಹೋಗಿ ಮಲಗಿಬಿಟ್ಟೆ. ಸಂತೋಷವೇನೂ ಆಗಲಿಲ್ಲ.

ಆ ವರ್ಷ ದೀಪಾವಳಿಗೆ ಮಾಮ ಬಂದ. ಊಟವಾದ ಮೇಲೆ ಎಲೆ ಅಡಿಕೆ ಹಾಕಿಕೊಳ್ಳುವಾಗ ಅವ್ವ, ನೆಲ ನೋಡುತ್ತ, ಅಂದಳು.

"ತಮ್ಮಾ, ನಿನಗೊಂದು ಮಾತು ಹೇಳಬೇಕು. ಅವತ್ತು ಇವ ನಿನ್ನ ತರಾಕ ಇಳ್ಯಾಕತ್ತಿದ್ದ. ನಾ ಹಿಡಕೊಂಡೆ. ಬಿಡಲಿಲ್ಲ."

ಮಾಮ ಬಾಯಲ್ಲಿದ್ದ ಅಡಿಕೆ ಜಗಿದು ಮುಗಿಸಿದ. "ಚಲೋ ಮಾಡಿದಿ" ಎಂದ. "ಇಬ್ಬರನ್ನ ಎತ್ತಾಕ ಖಾಲಾನ ಹತ್ರ ಎರಡು ಪಾತಾಳಗರಡಿ ಎಲ್ಲಿದ್ದವು?"

ಅವ್ವ ನಗಲಿಲ್ಲ. "ನಾವು ಸಣ್ಣವರಿದ್ದಾಗ ಮ್ಯಾಲಿನ ಮನಿಯವರು ಒಬ್ಬರ ಹಿಂದ ಒಬ್ಬರು ಮೂರು ಮಂದಿ ಹಗೇವಿಗೆ ಇಳದಿದ್ರಲ್ಲ. ಅದೇ ಕಣ್ಣಾಗ ಬಂತು. ಒಬ್ಬರೂ ಮ್ಯಾಲ ಬರಲಿಲ್ಲ" ಎಂದಳು. ನಂತರ, "ನಿನ್ನ ಬಿಟ್ಟುಕೊಟ್ಟೆ ನಾ" ಎಂದಳು. ಮಾಮ ಎದ್ದು ಬಂದು ಅವಳ ಪಕ್ಕದಲ್ಲಿ ಕೂತ. ಅವಳ ಭುಜ ಆಗಲೂ ಚಳಿಗೆ ನೋಯುತ್ತಿತ್ತು. ಅಲ್ಲೇ ಕೂತಿದ್ದ ನಾನು ನನ್ನ ಮಾತನ್ನು ಹೇಳಲಿಲ್ಲ.

ಹೇಳಿದ್ದು ನಾಲ್ಕೈದು ವರ್ಷಗಳ ಮೇಲೆ. ಎಂಬತ್ತರ ದಶಕ ಶುರುವಾಗಿತ್ತು. ಪರೀಕ್ಷೆಯ ಕೆಲಸಕ್ಕೆಂದು ದೇವದುರ್ಗಕ್ಕೆ ಹೋದವನು ಮಾಮನ ಮನೆಯಲ್ಲಿ ಉಳಿದಿದ್ದೆ. ಬಿಟ್ಟುಬರಲು ಅವನು ಬಸ್ ಸ್ಟ್ಯಾಂಡಿಗೆ ಬಂದಿದ್ದ. ಬಸ್ಸು ತಡವಾಗಿತ್ತು. ಬೇವಿನ ಮರದ ಕಟ್ಟೆಯ ಮೇಲೆ ಕೂತು ಎಲ್ಲ ಹೇಳಿದೆ. ನಾತ ಹೋಯಿತು ಎಂದು ಅವನು ಅಂದದ್ದು, ಬುಟ್ಟಿಯ ನಾತಕ್ಕೆ ನನ್ನ ಕಣ್ಣು ಉರಿಯುತ್ತಿದ್ದದ್ದು, ಮುಗಿಸಿಬಿಡ್ರಿ ಎಂದು ನಾನು ಅಂದದ್ದು, ಕಾಲೇಜಿನಲ್ಲಿ ನನಗೆ ಕಲಿಸಿದ್ದು.

ಮಾಮ ಕೆಮ್ಮಿದ. ಒಬ್ಬಳು ಹೆಂಗಸು ಕೋಳಿಗಳನ್ನು ಬುಟ್ಟಿಯಲ್ಲಿ ಮುಚ್ಚಿಕೊಂಡು ನಮ್ಮ ಮುಂದೆ ಹಾದುಹೋದಳು.

"ನಿನಗ ಗೊತ್ತಿತ್ತು" ಎಂದ.

"ಗೊತ್ತಿತ್ತು ಅನಸ್ತದ ಮಾಮಾ. ಆ ಹೊತ್ತಿನ್ಯಾಗ ನೆನಪಿತ್ತೋ ಇಲ್ಲೋ, ಅದು ತಿಳಿವಲ್ದು."

ಅವನು ನನ್ನ ಕಡೆ ನೋಡಲಿಲ್ಲ. ಸಿಟ್ಟೋ, ದಣಿವೋ, ಅವನ ಮುಖದಲ್ಲಿ ಓದಲು ನನಗೆ ಆಗಲಿಲ್ಲ. ಬಸ್ಸು ಬಂತು. ಎದ್ದು ನನ್ನ ಚೀಲವನ್ನು ತಾನೇ ಎತ್ತಿ ಕಿಟಕಿಯಿಂದ ಸೀಟಿನ ಮೇಲೆ ಇಟ್ಟ, ಜಾಗ ಹಿಡಿಯಲು. ನಾನು ಹತ್ತಿ ಕೂತ ಮೇಲೆ ಕಿಟಕಿಯ ಸರಳು ಹಿಡಿದು ನಿಂತ.

"ಇದನ್ನ ನಿಮ್ಮವ್ವಗ ಹೇಳಬ್ಯಾಡ" ಎಂದ. "ಅಕಿ ನಿನ್ನ ಹಿಡಕೊಂಡು ಕುಂತಾಕಿ. ನನ್ನ ಬಿಟ್ಟು ನಿನ್ನ ಹಿಡಕೊಂಡಾಕಿ. ತಿಳೀತೇನು?"

"ತಿಳೀತು."

"ತಿಳಿದ್ರ ಆತು."

ಬಸ್ಸು ಹೊರಟಿತು. ಅವ್ವ ಆಮೇಲೆ ಆರು ವರ್ಷ ಇದ್ದಳು. ಕೊನೆಯ ದಿನಗಳಲ್ಲಿ ಅವಳಿಗೆ ಆ ಬೆಳಗು ಮತ್ತೆ ಮತ್ತೆ ಕಾಣುತ್ತಿತ್ತು. ತಮ್ಮನನ್ನು ಬಿಟ್ಟುಕೊಟ್ಟೆ ಎಂದು ನನ್ನ ಕೈ ಹಿಡಿದು ಅಳುತ್ತಿದ್ದಳು. ನಿನ್ನ ತಪ್ಪಿಲ್ಲ ಅವ್ವಾ ಎನ್ನುತ್ತಿದ್ದೆ. ಅದರ ಮುಂದಿನ ಮಾತು ಬಾಯಿಗೆ ಬರುತ್ತಿತ್ತು. ಹೇಳಲಿಲ್ಲ.